‘ಸುರಕ್ಷಿತ’ ತಾಲ್ಲೂಕಿನ ಬತ್ತಿದ ಬಾವಿಗಳು

ವರ್ಷಕ್ಕೆ 4000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿನಲ್ಲಿ ಬೇಸಿಗೆಗೆ ಕುಡಿಯುವ ನೀರಿಲ್ಲ ಎಂದರೆ ಹೊರಗಿನವರು ನಂಬಲಾರರು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಜನರಿಗೆ ಮಾತ್ರ ಇದು ಹೊಸ ಸಂಗತಿಯಲ್ಲ. ಜುಲೈನಲ್ಲಿ ಕೈಗೆಟಕುವಷ್ಟು ಮೇಲೆ ಬರುವ ಬಾವಿಯ ನೀರು ಏಪ್ರಿಲ್ ಹೊತ್ತಿಗೆ ಅನೇಕ ಊರುಗಳಲ್ಲಿ ತಳ ಸೇರುತ್ತದೆ. ಶಾಸಕರ ಅಧ್ಯಕ್ಷತೆಯಲ್ಲಿ ಟಾಸ್ಕ್‌ಫೋರ್ಸ್ ಸಭೆ ಸೇರುತ್ತದೆ, ಪಂಚಾಯಿತಿಗಳು ಟ್ಯಾಂಕರ್ ನೀರಿಗೆ ಟೆಂಡರ್ ಕರೆಯುತ್ತವೆ, ಒಂದಿಷ್ಟು ಕೊಳವೆಬಾವಿಗಳಿಗೆ ಮಂಜೂರಾತಿ ದೊರೆಯುತ್ತದೆ. ಜೂನ್‌ನಲ್ಲಿ ಮಳೆ ಬೀಳುತ್ತಲೇ ಕಡತ ಮುಚ್ಚುತ್ತದೆ. 2019ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರೊದಗಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯೇ ಬರಿದಾದಾಗ ಎಲ್ಲರೂ ಬೆಚ್ಚಿದರು. ಮಳೆ ಬಂದಿತು, ಮರೆತರು.

ಸರ್ಕಾರದ ದಾಖಲೆಗಳು ಹೇಳುವುದೇ ಬೇರೆ. ಒಂದು ಪ್ರದೇಶದಲ್ಲಿ ವರ್ಷಕ್ಕೆ ಬಳಸಬಹುದಾದ ಅಂತರ್ಜಲದ ಶೇ 70ಕ್ಕಿಂತ ಹೆಚ್ಚು ಎತ್ತದಿದ್ದರೆ ಕೇಂದ್ರ ಅಂತರ್ಜಲ ಮಂಡಳಿ ಅದನ್ನು ‘ಸುರಕ್ಷಿತ’ ಎಂದು ವರ್ಗೀಕರಿಸುತ್ತದೆ. ಕುಂದಾಪುರ ಭಾಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಈ ಪಟ್ಟಿಯಲ್ಲಿಯೇ. ಪಟ್ಟಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಅಳೆಯುತ್ತಿರುವುದು ಇಲ್ಲಿಯ ಸಮಸ್ಯೆಯನ್ನಲ್ಲ. ಕೋಲಾರದಲ್ಲಿ ವರ್ಷದಿಂದ ವರ್ಷಕ್ಕೆ ನೀರು ಕೆಳಗಿಳಿಯುವುದು ಒಂದು ಬಗೆಯ ಕೊರತೆಯಾದರೆ, ಕರಾವಳಿಯಲ್ಲಿ ತುಂಬಿದ ನೀರು ಆರೇಳು ತಿಂಗಳಲ್ಲಿ ಸೋರಿಹೋಗುವುದು ಇನ್ನೊಂದು ಬಗೆಯ ಕೊರತೆ. ವಾರ್ಷಿಕ ಲೆಕ್ಕದಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಮರೆಯಾಗುತ್ತದೆ.

ಇದಕ್ಕೆ ಕಾರಣ ಇಲ್ಲಿಯ ನೆಲದ ರಚನೆ. ಮೇಲೆ ರಂಧ್ರಮಯವಾದ ಮುರಕಲ್ಲು. ಅದರ ಕೆಳಗೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ಶೇಡಿಮಣ್ಣು. ಅದಕ್ಕೂ ಕೆಳಗೆ ಗಟ್ಟಿ ಶಿಲೆ ಮತ್ತು ಅದರ ಬಿರುಕುಗಳು. ವಾರ್ಷಿಕ ಮಳೆಯ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮುರಕಲ್ಲು ಬೇಗನೆ ತುಂಬಿ, ಅಷ್ಟೇ ಬೇಗನೆ ಪಕ್ಕಕ್ಕೆ ಹರಿಸಿ, ಬೈಲು, ತೋಡು, ಹೊಳೆಗಳ ಮೂಲಕ ನೀರನ್ನು ಕಡಲಿಗೆ ಒಪ್ಪಿಸುತ್ತದೆ. ಮನೆಯ ತೆರೆದ ಬಾವಿ ನಂಬಿರುವುದು ಈ ಮೇಲಿನ ಪದರವನ್ನು. ಆಳದ ಕೊಳವೆಬಾವಿ ನಂಬಿರುವುದು ಕೆಳಗಿನ ಬಿರುಕುಗಳನ್ನು. ಎರಡಕ್ಕೂ ಎಲ್ಲಿ ಸಂಬಂಧವಿದೆ, ಎಲ್ಲಿ ಇಲ್ಲ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಅದು ತಿಳಿಯದೆ ಬತ್ತಿದ ಬಾವಿಯ ಪಕ್ಕದಲ್ಲಿ ಕೊಳವೆಬಾವಿ ಕೊರೆಯುವುದನ್ನು ಪರಿಹಾರವೆಂದು ಕರೆಯಲಾಗದು.

ರಾಷ್ಟ್ರೀಯ ಅಂದಾಜು ವಿಧಾನದಲ್ಲಿ ಮಳೆಯ ಎಷ್ಟು ಪಾಲು ನೆಲಕ್ಕಿಳಿಯುತ್ತದೆ ಎಂಬುದಕ್ಕೆ ಶಿಲೆಯ ಬಗೆಗೊಂದು ಸೂಚ್ಯಂಕವಿದೆ. ಮುರಕಲ್ಲಿಗೆ ಅದು ಶೇ 7ರ ಆಸುಪಾಸು. ಸ್ಥಳೀಯ ಅಧ್ಯಯನವಿಲ್ಲದ ಕಡೆ ಈ ಅಂಕಿಯನ್ನೇ ಬಳಸುತ್ತಾರೆ. ಮಳೆ 3000 ಮಿ.ಮೀ. ಎಂದೇ ಇಟ್ಟುಕೊಂಡರೂ ಶೇ 1ರಷ್ಟು ವ್ಯತ್ಯಾಸವೆಂದರೆ ಚದರ ಕಿಲೋಮೀಟರಿಗೆ 30,000 ಘನ ಮೀಟರ್, ಅಂದರೆ 3 ಕೋಟಿ ಲೀಟರ್ ನೀರು. ಜಲ ಜೀವನ್ ಮಿಷನ್ನಿನ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ಎಂದರೆ ಸುಮಾರು 1,500 ಮಂದಿಯ ಇಡೀ ವರ್ಷದ ಪಾಲು ಅದು. ಹಾಗೆಯೇ, ಮಳೆಗಾಲದ ನಂತರ ತಾನಾಗಿ ಹರಿದುಹೋಗುವ ನೀರಿಗೆಂದು, ಅಳತೆಯ ದಾಖಲೆ ಇಲ್ಲದ ಕಡೆ, ವಾಡಿಕೆಯಾಗಿ ಕಳೆಯುವುದು ಶೇ 5ರಿಂದ 10 ಮಾತ್ರ. ಸೋರುವುದೇ ಸ್ವಭಾವವಾದ ನೆಲಕ್ಕೆ ಈ ಅಂಕಿ ಸಲ್ಲುತ್ತದೆಯೇ ಎಂಬುದನ್ನು ಇಲ್ಲಿಯೇ ಅಳೆದು ನೋಡಬೇಕು. ಮಂಡಳಿಯ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟ ನೋಡುವುದು ಹಿಂದಿನಿಂದ ಬಂದ ಪದ್ಧತಿ. ವಾರಗಳಲ್ಲಿ ಏರಿ ಇಳಿಯುವ ನೀರಿನ ನಡೆ ನಾಲ್ಕು ಅಳತೆಗಳಲ್ಲಿ ಸಿಕ್ಕುವುದಿಲ್ಲ.

ಕಡಲಂಚಿನ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದದ್ದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಬ್ರಹ್ಮಾವರ ತಾಲ್ಲೂಕಿನ ಕೋಡಿಬೆಂಗ್ರೆ, ನದಿಗೂ ಸಮುದ್ರಕ್ಕೂ ನಡುವೆ ಚಾಚಿದ ಮರಳಿನ ಪಟ್ಟಿ. ಇಂಥ ಕಡೆ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲಮಟ್ಟಕ್ಕಿಂತ 1 ಮೀಟರ್ ಎತ್ತರದಲ್ಲಿದ್ದರೆ ಅದರಡಿ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ನಿಲ್ಲುತ್ತದೆ ಎಂಬುದು ಒಂದು ಶತಮಾನಕ್ಕೂ ಹಿಂದೆ ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬಿಬ್ಬರು ಬೇರೆಬೇರೆಯಾಗಿ ಕಂಡುಕೊಂಡ ಸೂತ್ರ. ಅದೇ ಲೆಕ್ಕದಲ್ಲಿ ಮೇಲಿನ ಮಟ್ಟ 10 ಸೆಂ.ಮೀ. ಇಳಿದರೆ ಕೆಳಗಿನ ಉಪ್ಪುನೀರು 4 ಮೀಟರ್ ಮೇಲೇರಬಹುದು. ಎಷ್ಟು ಸಾಮರ್ಥ್ಯದ ಪಂಪು, ದಿನಕ್ಕೆ ಎಷ್ಟು ಹೊತ್ತು, ಹೊಳೆಯಿಂದ ಎಷ್ಟು ದೂರದಲ್ಲಿ ಎಂಬುದನ್ನು ಹೇಳಬಲ್ಲವರು ಪಂಚಾಯಿತಿಗೆ ಬೇಕು. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟುಗಳಿಗೆ ಯಾವಾಗ ಹಲಗೆ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದೂ ಇದೇ ಜ್ಞಾನಕ್ಕೆ ಸೇರಿದ್ದು.

ಈ ಜ್ಞಾನವನ್ನು ಬೆಳೆಸಲು ದೇಶ ಏನೂ ಮಾಡಿಲ್ಲವೆಂದಲ್ಲ. 1954ರ ಪರಿಶೋಧನಾ ಕೊಳವೆಬಾವಿ ಸಂಸ್ಥೆಯೇ 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿಯಾಯಿತು. 1978ರಲ್ಲಿ ರೂರ್ಕಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ, 1987ರಲ್ಲಿ ಅದರ ಗಟ್ಟಿಶಿಲಾ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿ, 1997ರಲ್ಲಿ ರಾಯಪುರದಲ್ಲಿ ರಾಷ್ಟ್ರಮಟ್ಟದ ಅಂತರ್ಜಲ ತರಬೇತಿ ಮತ್ತು ಸಂಶೋಧನಾ ಸಂಸ್ಥೆ ಆರಂಭವಾದವು. 2012ರಲ್ಲಿ ತೊಡಗಿದ ರಾಷ್ಟ್ರೀಯ ಜಲಪದರ ನಕ್ಷೆಯ ಕಾರ್ಯಕ್ರಮ 2023ರಲ್ಲಿ ಮೊದಲ ಸುತ್ತನ್ನು ಮುಗಿಸಿತು. 2019ರಲ್ಲಿ ಬಂದ ಅಟಲ್ ಭೂಜಲ ಯೋಜನೆಗೆ 6000 ಕೋಟಿ ರೂಪಾಯಿ ಮೀಸಲಾಯಿತು. ಏಳು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಕರಾವಳಿಯ ಜಿಲ್ಲೆಗಳು ಇರಲಿಲ್ಲ. ಬತ್ತಿದ ಬಯಲುಸೀಮೆಗೆ ಮೊದಲ ಆದ್ಯತೆ ಸಿಕ್ಕಿದ್ದು ನ್ಯಾಯವೇ. ಆದರೆ ‘ಸುರಕ್ಷಿತ’ ಎಂಬ ಹಣೆಪಟ್ಟಿ ಹೊತ್ತ ತಾಲ್ಲೂಕಿಗೆ ಹಣವೂ ಬರುವುದಿಲ್ಲ, ವಿಜ್ಞಾನಿಯೂ ಬರುವುದಿಲ್ಲ. ವಿಜ್ಞಾನಿ ಬಾರದಿದ್ದರೆ ಆ ಹಣೆಪಟ್ಟಿ ಸರಿಯೇ ಎಂದು ಪರೀಕ್ಷಿಸುವವರೂ ಇರುವುದಿಲ್ಲ.

ನೆರೆಯ ಕೇರಳ ಈ ವರ್ತುಲದಿಂದ ಹೊರಬರಲು ರಾಷ್ಟ್ರೀಯ ಸಂಸ್ಥೆಗಳಿಗಾಗಿ ಕಾಯಲಿಲ್ಲ. ಅದೇ ಮುರಕಲ್ಲು, ಅದೇ ಮಳೆ, ಅದೇ ಕಡಲು. 1978ರಲ್ಲಿಯೇ ಅಲ್ಲಿ ಕೋಯಿಕ್ಕೋಡಿನಲ್ಲಿ ಜಲಸಂಪನ್ಮೂಲ ಅಭಿವೃದ್ಧಿ ಮತ್ತು ನಿರ್ವಹಣಾ ಕೇಂದ್ರ ತಲೆಯೆತ್ತಿತು. ನಮ್ಮ ರಾಜ್ಯದಲ್ಲಿಯೂ ಮಾದರಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ ಗುಂಡ್ಲುಪೇಟೆ ಸೀಮೆಯ ಬೇರಂಬಾಡಿ ಮತ್ತು ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ ವರ್ಷಗಟ್ಟಲೆ ಮಳೆ, ಮಣ್ಣು, ಅಂತರ್ಜಲಗಳನ್ನು ಒಂದೇ ಕಡೆ ಅಳೆಯುತ್ತಾ ಬಂದಿದ್ದಾರೆ. ಅಂಥದೊಂದು ದೀರ್ಘಕಾಲದ ವೀಕ್ಷಣಾ ಕ್ಷೇತ್ರ ಸೌಪರ್ಣಿಕೆ ಅಥವಾ ಸೀತಾ ನದಿಯ ಕಣಿವೆಗೂ ಬೇಕು.

ಇದಕ್ಕೆ ಹೊಸ ಕಟ್ಟಡ, ಹೊಸ ಮಹಾನಿರ್ದೇಶಕರ ಹುದ್ದೆ ಬೇಕಿಲ್ಲ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಮಣಿಪಾಲದ ತಾಂತ್ರಿಕ ಕಾಲೇಜು, ಮಂಗಳೂರು ವಿಶ್ವವಿದ್ಯಾಲಯ ಕೈಗೆಟಕುವ ದೂರದಲ್ಲಿವೆ. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಕುಂದಾಪುರದಲ್ಲಿ ಪದವಿ ಕಾಲೇಜುಗಳಿವೆ. ಬೇಕಾದುದು ಇವುಗಳನ್ನು ಒಂದೇ ಕಾರ್ಯಕ್ರಮಕ್ಕೆ ಕಟ್ಟುವ ಒಪ್ಪಂದ, ಹತ್ತು ವರ್ಷ ಕಡಿತವಾಗದ ಅನುದಾನ ಮತ್ತು ಕಲಿತವರಿಗೆ ಕಾಯಂ ಕೆಲಸ. ಕೊನೆಯದು ಮುಖ್ಯ. ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ತಾಲ್ಲೂಕು ಮಟ್ಟದಲ್ಲಿ ಹುದ್ದೆಯೇ ಇಲ್ಲದಿದ್ದರೆ ಎಷ್ಟು ತರಬೇತಿ ಕೊಟ್ಟೂ ಫಲವಿಲ್ಲ. ಈಗ ಗ್ರಾಮೀಣ ನೀರು ಪೂರೈಕೆ ನೋಡಿಕೊಳ್ಳುವ ಎಂಜಿನಿಯರುಗಳು ಕಲಿತದ್ದು ಪೈಪು, ಪಂಪು, ಟ್ಯಾಂಕುಗಳ ವಿದ್ಯೆ. ನೆಲದೊಳಗಿನ ನೀರಿನ ಬಗ್ಗೆ ಕೇಳಿದರೆ ಅವರು ಭೂವಿಜ್ಞಾನಿಯನ್ನು ಕರೆಸಬೇಕು. ಅವರು ಸಿಗದಿದ್ದರೆ ತೆಂಗಿನಕಾಯಿ ಹಿಡಿದು ನೀರು ನೋಡುವವರು ಸಿಗುತ್ತಾರೆ.

ಮಾಹಿತಿಯ ವಿಷಯದಲ್ಲಿ ಅರ್ಥಶಾಸ್ತ್ರದ ಒಂದು ಸರಳ ಮಾತಿದೆ. ಒಬ್ಬನಿಗೆ ತಿಳಿದರೆ ಎಲ್ಲರಿಗೂ ಉಪಯೋಗವಾಗುವ ವಸ್ತುವಿಗೆ ಯಾರೂ ತಾವಾಗಿ ದುಡ್ಡು ಹಾಕುವುದಿಲ್ಲ, ಸರ್ಕಾರವೇ ಹಾಕಬೇಕು. ಕೊರೆಸಿದ ಪ್ರತಿ ಕೊಳವೆಬಾವಿಯೂ ಒಂದು ಪ್ರಯೋಗ. ಎಷ್ಟು ಅಡಿಗೆ ಮುರಕಲ್ಲು ಮುಗಿಯಿತು, ಶೇಡಿ ಎಷ್ಟು ದಪ್ಪ, ಎಲ್ಲಿ ನೀರು ಬಂತು ಎಂಬುದೆಲ್ಲ ಕೊರೆಯುವವನ ಕಣ್ಣೆದುರು ಹೊರಬರುತ್ತದೆ. ಲಾರಿ ಮರಳಿದೊಡನೆ ಆ ಮಾಹಿತಿಯೂ ಹೋಗುತ್ತದೆ. ರಾಜ್ಯದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳ ನಿಯಂತ್ರಣಕ್ಕೆ ಒತ್ತು ಕೊಟ್ಟಿದೆ. ಕನಿಷ್ಠಪಕ್ಷ ಸರ್ಕಾರಿ ಹಣದಲ್ಲಿ ಕೊರೆದ ಬಾವಿಗಳಿಗಾದರೂ, ಕೊರೆತದ ದಾಖಲೆ ಸಲ್ಲಿಸದೆ ಬಿಲ್ಲು ಪಾವತಿಯಿಲ್ಲ ಎಂಬ ಒಂದು ಸುತ್ತೋಲೆ ಸಾಕು; ಖರ್ಚಿಲ್ಲದೆ ಕೆಲವೇ ವರ್ಷಗಳಲ್ಲಿ ಪ್ರತಿ ಪಂಚಾಯಿತಿಯ ಭೂಗರ್ಭದ ಚಿತ್ರ ಸಿದ್ಧವಾಗುತ್ತದೆ. ವಾರಾಹಿ ನೀರಾವರಿ ಯೋಜನೆಯ ಕೆಲಸ ಆರಂಭವಾದದ್ದು 1979ರಲ್ಲಿ. ಕಾಲುವೆಯಲ್ಲಿ ನೀರು ಹರಿಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಕಾಲುವೆಯ ಆಸುಪಾಸಿನ ಬಾವಿಗಳ ಮಟ್ಟ ಎಷ್ಟು ಬದಲಾಯಿತು ಎಂಬುದು ಆ ಯೋಜನೆಯ ಲಾಭದ ಲೆಕ್ಕಕ್ಕೆ ಸೇರಲೇಬೇಕಾದ ಅಂಶ.

ಇಂಥ ವಿಜ್ಞಾನ ಹಳ್ಳಿಯವರಿಗೆ ದಕ್ಕದು ಎಂಬ ಆಕ್ಷೇಪವನ್ನು ಆಡಳಿತದಲ್ಲಿದ್ದಾಗ ಪದೇ ಪದೇ ಕೇಳಿದ್ದೇನೆ. ಅವಿಭಜಿತ ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿಯೇ ಸಾವಿರಾರು ರೈತರು, ಹೆಣ್ಣುಮಕ್ಕಳೂ ಸೇರಿ, ತಮ್ಮ ಊರಿನ ಮಳೆ ಮತ್ತು ಬಾವಿಯ ಮಟ್ಟವನ್ನು ತಾವೇ ಅಳೆದು, ಹಿಂಗಾರಿಗೆ ಮೊದಲು ನೀರಿನ ಆಯವ್ಯಯ ಮಂಡಿಸಿ ಬೆಳೆ ನಿರ್ಧರಿಸಿದರು. ಸಾಕ್ಷರತೆಯಲ್ಲಿ ರಾಜ್ಯಕ್ಕೆ ಮುಂದಿರುವ ಉಡುಪಿ ಜಿಲ್ಲೆಗೆ ಅದು ಅಸಾಧ್ಯವಾಗಬೇಕಾದ ಕಾರಣವಿಲ್ಲ. ಮನೆಗೊಂದು ಬಾವಿಯಿರುವ ಈ ಸೀಮೆಯಲ್ಲಿ ಅಳೆಯುವ ಹಗ್ಗಕ್ಕೂ ಉಪ್ಪಿನಂಶ ನೋಡುವ ಸಣ್ಣ ಮೀಟರಿಗೂ ಆಗುವ ಖರ್ಚು ದೊಡ್ಡದಲ್ಲ. ಆದರೆ ತರಬೇತಿಯ ಪಠ್ಯ ಕನ್ನಡದಲ್ಲಿರಬೇಕು; ಮುರಕಲ್ಲು, ಶೇಡಿ, ಬೈಲು, ಬೆಟ್ಟು ಎಂಬ ಊರಿನ ಮಾತುಗಳಲ್ಲಿಯೇ ಜಲವಿಜ್ಞಾನವನ್ನು ಹೇಳಬೇಕು.

ಮೂರು ತಾಲ್ಲೂಕುಗಳಲ್ಲಿ ಪ್ರತಿ ಪಂಚಾಯಿತಿಗೆ ಎರಡು ತೆರೆದ ಬಾವಿಗಳನ್ನು ಗುರುತಿಸಿ, ವಾರಕ್ಕೊಮ್ಮೆ ಅಳೆದು, ತಾಲ್ಲೂಕಿಗೊಬ್ಬ ಜಲಭೂವಿಜ್ಞಾನಿಯ ಮೇಜಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಜಿಲ್ಲಾ ಪಂಚಾಯಿತಿಯೇ ಆರಂಭಿಸಬಹುದು. ಐದು ವರ್ಷಗಳ ಅಂಥ ದಾಖಲೆ ಕೈಯಲ್ಲಿದ್ದರೆ ‘ಸುರಕ್ಷಿತ’ ಎಂಬ ವರ್ಗೀಕರಣವನ್ನು ದೆಹಲಿಯವರೆಗೂ ಪ್ರಶ್ನಿಸಬಹುದು, ರಾಷ್ಟ್ರೀಯ ಸೂಚ್ಯಂಕವನ್ನು ತಿದ್ದಲು ಕೇಳಬಹುದು. ಅದಿಲ್ಲದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಟಾಸ್ಕ್‌ಫೋರ್ಸ್ ಸಭೆಯ ಮುಂದೆ ಮತ್ತೆ ಅದೇ ಟ್ಯಾಂಕರ್ ಬಿಲ್ಲು ಬರುತ್ತದೆ.