ತೊಳೆದದ್ದು ಶುಚಿಯಾಯಿತೆ?



ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ, ಇರುಳಿನಲ್ಲಿ ಮೂಡಿಗೆರೆಯಿಂದ ಕಳಸದ ಕಡೆಗೆ ಪ್ರಯಾಣಮಾಡಿದವರು ಕಾಫಿತೋಟಗಳ ಅಂಚಿನಲ್ಲಿ ಮಿಣುಕುಹುಳುಗಳನ್ನು ಕಂಡಿರಬಹುದು. ಆ ಬೆಳಕಿಗೂ ನಾವು ಉಣ್ಣುವ ಮೇಜಿನ ಶುಚಿತ್ವಕ್ಕೂ ಸಂಬಂಧವುಂಟೆಂದರೆ ಸೋಜಿಗವೆನಿಸೀತು. ಆ ಸಂಬಂಧವೇ ಈ ದಿನದ ನನ್ನ ಭಾಷಣದ ವಿಷಯ.

ಕಳಸಕ್ಕೆ ಸಮೀಪದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರಿಗೆಲ್ಲ ಅನ್ನವಿಕ್ಕುವ ಪದ್ಧತಿಯುಂಟು. ಅಂತಹ ಪಂಕ್ತಿಯಲ್ಲಿ ಕುಳಿತವನು ಅಡುಗೆಮನೆಯನ್ನು ನೋಡಿರುವುದಿಲ್ಲ. ಬಡಿಸುವವರಲ್ಲಿ ನಂಬಿಕೆಯಿಟ್ಟೇ ತುತ್ತನ್ನೆತ್ತುತ್ತಾನೆ. ಹೋಟೆಲು, ವಿದ್ಯಾರ್ಥಿನಿಲಯಗಳಲ್ಲಿಯೂ ಹಾಗೆಯೆ. ಮನೆಯಲ್ಲಿ ಶುಚಿತ್ವ ತಪ್ಪಿದರೆ ನಾಲ್ವರಿಗೆ ತೊಂದರೆ. ಇಂತಹ ಕಡೆಗಳಲ್ಲಿ ನೂರಾರು ಮಂದಿಗೆ. ಆದಕಾರಣ ತರಕಾರಿ ಹೆಚ್ಚುವ ಹಲಗೆಯೂ ಬಡಿಸುವ ಮೇಜೂ ನಿಜವಾಗಿ ಶುಚಿಯಾದುವೆ ಎಂಬ ಪ್ರಶ್ನೆ ಸಣ್ಣದಲ್ಲ.

ಕಣ್ಣು ಇದಕ್ಕೆ ಸರಿಯಾದ ಸಾಕ್ಷಿಯಲ್ಲ. ಥಳಥಳಿಸುವ ಮೇಜಿನ ಮೇಲೂ ಆಹಾರದ ತೆಳುವಾದ ಪೊರೆ ಉಳಿದಿರಬಹುದು. ಸೂಕ್ಷ್ಮಾಣುಗಳಿಗೆ ಅಷ್ಟು ಸಾಕು. ಹಳೆಯ ಪರೀಕ್ಷೆಯಲ್ಲಿ ಮೇಜನ್ನು ಶುದ್ಧವಾದ ಹತ್ತಿಯಿಂದ ಒರಸಿ, ಅಂಟಿದ್ದನ್ನು ಪೋಷಕದ್ರವ್ಯದಲ್ಲಿ ಬೆಚ್ಚಗಿಟ್ಟು ಬೆಳೆಸಿ ಎಣಿಸುತ್ತಾರೆ. ಇದು ನಂಬಲರ್ಹವಾದುದೇ, ಆದರೆ ಉತ್ತರಕ್ಕೆ ಒಂದೆರಡು ದಿನ ಕಾಯಬೇಕು. ಅಷ್ಟರಲ್ಲಿ ಊಟ ಮುಗಿದು ಅತಿಥಿಗಳು ಊರು ಸೇರಿರುತ್ತಾರೆ.

ಇಲ್ಲಿ ಮಿಣುಕುಹುಳು ನೆರವಿಗೆ ಬರುತ್ತದೆ. ಜೀವಕೋಶಗಳಲ್ಲೆಲ್ಲ ಎ.ಟಿ.ಪಿ. ಎಂಬ ಶಕ್ತಿವಾಹಕ ದ್ರವ್ಯವಿದೆ. ಕಾರ್ಲ್ ಲೋಮನ್ ಇದನ್ನು 1929ರಲ್ಲಿ ಕಂಡುಹಿಡಿದನು. ಹುಳುವಿನ ಬೆಳಕಿಗೆ ಇದೇ ದ್ರವ್ಯ ಅವಶ್ಯಕವೆಂದು 1947ರಲ್ಲಿ ಅಮೆರಿಕದ ವಿಲಿಯಂ ಮೆಕೆಲ್ರಾಯ್ ತೋರಿಸಿದನು. ಇಂದಿನ ಪರೀಕ್ಷಕರು ಮೇಜಿನ ಮೇಲೆ, ಸಾಮಾನ್ಯವಾಗಿ 10 ಸೆಂಟಿಮೀಟರು ಚೌಕದಷ್ಟನ್ನು, ಕಡ್ಡಿಯ ತುದಿಯ ಅರಳೆಯಿಂದ ಒರಸಿ, ಅದನ್ನು ಹುಳುವಿನ ಲೂಸಿಫೆರಿನ್ ಮತ್ತು ಲೂಸಿಫೆರೇಸ್ ಎಂಬ ದ್ರವ್ಯಗಳೊಡನೆ ಬೆರಸುತ್ತಾರೆ. ಕೊಳೆ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಕೈಯಲ್ಲಿ ಹಿಡಿಯುವ ಯಂತ್ರ ಕೆಲವೇ ಕ್ಷಣಗಳಲ್ಲಿ ಅದನ್ನಳೆದು ಅಂಕಿಯಾಗಿ ತೋರಿಸುತ್ತದೆ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಕಣ್ಣಿಗೆ ಕಾಣದ ಎಂಜಲನ್ನು ಅದು ಅಳೆಯುತ್ತದೆ.

ಆದರೂ ಈ ಅಂಕಿಯನ್ನು ಅತಿಯಾಗಿ ನಂಬಬಾರದು. ತರಕಾರಿಯ ರಸಕ್ಕೂ ಸೂಕ್ಷ್ಮಾಣುವಿಗೂ ಇರುವ ಭೇದವನ್ನು ಈ ಬೆಳಕು ಅರಿಯದು. ವೈರಸ್ಸುಗಳಲ್ಲಿ ಎ.ಟಿ.ಪಿ. ಇಲ್ಲವಾದುದರಿಂದ ಅವು ಇದಕ್ಕೆ ಗೋಚರಿಸವು. ಯಂತ್ರದಿಂದ ಯಂತ್ರಕ್ಕೆ ಅಂಕಿಯೂ ಬೇರೆ. ಚೆನ್ನಾಗಿ ತೊಳೆದ ತನ್ನ ಮೇಜುಗಳನ್ನೇ ಹಲವು ದಿನ ಅಳೆದು ಪ್ರತಿಯೊಂದು ಅಡುಗೆಮನೆಯೂ ತನ್ನ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಅಂದರೆ, ಇದು ರೋಗದ ಪರೀಕ್ಷೆಯಲ್ಲ, ತೊಳೆದ ಕೆಲಸದ ಪರೀಕ್ಷೆ. ಸಾಬೂನುನೀರಿನಿಂದ ಉಜ್ಜಿ ತೊಳೆದ ಮೇಲೆ, ಕ್ರಿಮಿನಾಶಕವನ್ನು ಹಚ್ಚುವುದಕ್ಕೆ ಮೊದಲು, ಇದನ್ನು ನಡೆಸುವುದು ಒಳ್ಳೆಯದು. ಕೊಳೆಯ ಮೇಲೆಯೇ ಕ್ಲೋರಿನ್ ಸುರಿದರೆ ಅದರ ಬಲವೆಲ್ಲ ಕೊಳೆಗೇ ವ್ಯಯವಾಗುತ್ತದೆ.

ಯಂತ್ರವನ್ನು ಕೊಳ್ಳಲಾರದ ಸಣ್ಣ ಹೋಟೆಲಿನವರೂ ಇದರಿಂದ ಒಂದು ಪಾಠ ಕಲಿಯಬಹುದು. ಒಂದೇ ಒದ್ದೆಬಟ್ಟೆಯಿಂದ ಹತ್ತು ಮೇಜುಗಳನ್ನು ಒರಸಿದರೆ ಮೊದಲ ಮೇಜಿನ ಎಂಜಲು ಹತ್ತನೆಯದಕ್ಕೂ ಹಂಚಿಹೋಗುತ್ತದೆ. ಕಣ್ಣಿಗೆ ಮಾತ್ರ ಹತ್ತೂ ಹೊಳೆಯುತ್ತವೆ. ಮುಂದೆ ಹೋಟೆಲಿಗೆ ಹೋದಾಗ ತಾವು ಮೇಜಿನ ಹೊಳಪನ್ನು ನೋಡುವುದರ ಜೊತೆಗೆ ಒರಸುವ ಬಟ್ಟೆಯನ್ನೂ ನೋಡಬೇಕೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.