ಹಳೆಯ ಮೋಟಾರಿನ ಗಾಲಿಗೆ ಹೊಸ ಹೊಳಪು

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರು ಟ್ಯಾಕ್ಸಿಯಾಗಿ ಓಡುವುದು 2023ರ ಅಕ್ಟೋಬರಿಗೆ ಮುಗಿಯಿತು. ಅಂಬಾಸಿಡರಿನ ತಯಾರಿಕೆ 2014ರಲ್ಲೇ ನಿಂತಿತ್ತು. ಆದರೂ ಇಂಥ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇನ್ನೂ ಇದ್ದಾರೆ. ಇವುಗಳ ಗಾಲಿ ಉಕ್ಕಿನದು; ಟೈರು ಅಂಗಡಿಯವರ ಮಾತಿನಲ್ಲಿ ‘ಡಿಸ್ಕು’. ಎರಡು ಭಾನುವಾರಗಳ ಬಿಡುವಿದ್ದರೆ ಅದನ್ನು ಮನೆಯಲ್ಲೇ ಹೊಸದರಂತೆ ಮಾಡಿಕೊಳ್ಳಬಹುದು. ಆದರೆ ಒಳಗೆ ಕುಳಿತವರ ಜೀವ ಈ ಗಾಲಿಯ ಮೇಲೆಯೇ ನಿಂತಿರುವುದರಿಂದ, ಬಣ್ಣದ ಯೋಚನೆಗೆ ಮೊದಲು ಬಿರುಕಿನ ಯೋಚನೆ ಬರಬೇಕು.

ಗಾಲಿ ಬಿಚ್ಚುವಾಗ ನೆಲ ಸಮನಾಗಿರಲಿ. ಕೈಬ್ರೇಕು ಎಳೆದು, ಬೇರೆ ಗಾಲಿಗಳಿಗೆ ಕಲ್ಲು ಕೊಟ್ಟು, ನಟ್ಟುಗಳನ್ನು ಸ್ವಲ್ಪ ಸಡಿಲಿಸಿದ ಮೇಲೆಯೇ ಜಾಕಿ ಏರಿಸಬೇಕು. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ತೂರಕೂಡದು. ಟೈರನ್ನು ಡಿಸ್ಕಿನಿಂದ ಬೇರ್ಪಡಿಸುವ ಕೆಲಸ ಪಂಕ್ಚರ್ ಅಂಗಡಿಯವನಿಗೇ ಇರಲಿ.

ಡಿಸ್ಕನ್ನು ಸೋಪಿನ ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಕೊಳೆ ತೆಗೆದು ಒಣಗಿಸಿರಿ. ಬೋಲ್ಟಿನ ತೂತುಗಳ ಸುತ್ತ, ಗಾಳಿ ಹೋಗುವ ಕಿಂಡಿಗಳ ಅಂಚಿನಲ್ಲಿ, ನಡುವಿನ ತಟ್ಟೆ ಹೊರಬಳೆಗೆ ಬೆಸೆದ ಕಡೆ ಬಿರುಕು ಹುಟ್ಟುವುದು ಹೆಚ್ಚು. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಹಿಂದಿನ ರೈಲ್ವೆ ಕಾರಖಾನೆಗಳಲ್ಲಿ ಒಂದು ಸುಲಭ ಉಪಾಯವಿತ್ತು. ಬಣ್ಣ ತೆಗೆದ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಅದರೊಳಗೆ ಸೇರಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಒದ್ದೆ ಗೆರೆ ಮೂಡಿಸುತ್ತದೆ. ಬರಿಯ ಡಿಸ್ಕನ್ನು ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೂ ಗೊತ್ತಾಗುವುದುಂಟು: ಸರಿಯಿದ್ದರೆ ಗಂಟೆಯಂತೆ ನಾದ, ಒಡೆದಿದ್ದರೆ ಮಡಕೆಯಂತೆ ಬೊದ್ದು ಸದ್ದು. ಆದರೆ ಕಿವಿಯೊಂದನ್ನೇ ನಂಬಬಾರದು.

ಬಿರುಕು ಕಂಡ, ಬಳೆ ಸೊಟ್ಟಗಾದ, ತುಕ್ಕು ತಿಂದು ತೆಳುವಾದ ಡಿಸ್ಕನ್ನು ಗುಜರಿಗೆ ಹಾಕುವುದೇ ಸರಿ. ಬೆಸುಗೆ ಹಾಕಿಸಿ ಉಳಿತಾಯ ಮಾಡುವ ಜಾಗ ಇದಲ್ಲ. ಕುರ್ಲಾ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಗಳಲ್ಲಿ ಹಳೆಯ ಡಿಸ್ಕು ಕೊಳ್ಳುವವರು, ಆಗತಾನೇ ಬಣ್ಣ ಬಳಿದು ಥಳಥಳಿಸುವುದಕ್ಕಿಂತ ತುಕ್ಕು ಹಿಡಿದಿದ್ದರೂ ಬರಿಮೈಯದನ್ನೇ ಆರಿಸಲಿ. ಹೊಸ ಬಣ್ಣದ ಕೆಳಗೆ ಹಳೆಯ ಬೆಸುಗೆ ಅಡಗಿದ್ದರೆ ತಿಳಿಯುವುದಿಲ್ಲ.

ಇನ್ನು ತುಕ್ಕು. ಕಬ್ಬಿಣ, ನೀರು, ಗಾಳಿ ಸೇರಿದಲ್ಲಿ ಅದು ಹುಟ್ಟುತ್ತದೆ; ಉಪ್ಪು ಸೇರಿದರೆ ಇನ್ನೂ ಚುರುಕು. ಮುಂಬಯಿ, ಚೆನ್ನೈಗಳ ಕಡಲಗಾಳಿಯಲ್ಲಿ ಗಾಲಿ ದೆಹಲಿಯಲ್ಲಿಗಿಂತ ಬೇಗ ಕೆಡುವುದು ಇದರಿಂದಲೇ. ತಾಮ್ರದ ಕೊಡಕ್ಕೆ ಹುಣಿಸೆ ಹಾಕುವಂತೆ ಇಲ್ಲಿಯೂ ಹುಳಿಯೇ ಮದ್ದು: ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಿದರೆ ತುಕ್ಕು ಸಡಿಲವಾಗುತ್ತದೆ. ಆಮೇಲೆ ಅಡಿಗೆ ಸೋಡಾದ ನೀರಿನಿಂದ, ಕೊನೆಗೆ ಒಳ್ಳೆಯ ನೀರಿನಿಂದ ತೊಳೆದು ಕೂಡಲೇ ಒಣಗಿಸಬೇಕು; ತಡವಾದರೆ ಬರಿಯ ಉಕ್ಕಿನ ಮೇಲೆ ಹೊಸ ತುಕ್ಕು ಕೂರುತ್ತದೆ. ಉಳಿದುದನ್ನು ಉಜ್ಜುಕಾಗದದಿಂದ, ನೀರು ಹಾಕಿಯೇ ಉಜ್ಜಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅದರ ಒಣಧೂಳು ಮಕ್ಕಳಿಗೆ ವಿಷ. ಟೈರು ಕೂರುವ ಒಳಬಳೆಯನ್ನು ಮರೆಯಬೇಡಿ, ಅಲ್ಲಿನ ತುಕ್ಕಿನ ಹಕ್ಕಳೆಯೇ ಟ್ಯೂಬನ್ನು ಕೊಯ್ಯುವುದು.

ಒಣಗಿದ ಡಿಸ್ಕಿಗೆ ಅಂದೇ ಪ್ರೈಮರು, ಅದು ಒಣಗಿದ ಮೇಲೆ ಬಣ್ಣ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪ ಹೆಚ್ಚು ಬಾಳುತ್ತದೆ. ಥಿನ್ನರಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಅಡಿಗೆಯೂ ನಿದ್ರೆಯೂ ಒಂದೇ ಖೋಲಿಯಲ್ಲಿ ನಡೆಯುವ ಮನೆಗಳಲ್ಲಿ ಈ ಕೆಲಸ ಒಳಗೆ ಬೇಡವೇ ಬೇಡ. ತಾರಸಿಯೋ ಅಂಗಳವೋ ಆಗಬೇಕು.

ನಡುವಿನ ಹೊಳೆಯುವ ಮುಚ್ಚಳಕ್ಕೆ ಉಜ್ಜುಕಾಗದ ಮುಟ್ಟಿಸಬಾರದು. ಅದರ ಕ್ರೋಮಿಯಂ ಲೇಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಅಲ್ಯುಮಿನಿಯಂ ಹಾಳೆಯ ಚೂರನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಮೇಲಿನ ತುಕ್ಕು ಹೋಗುತ್ತದೆ, ಲೇಪ ಉಳಿಯುತ್ತದೆ. ಈಚಿನ ಕಾರುಗಳ ಅಲಾಯ್ ಗಾಲಿಯ ದಾರಿ ಬೇರೆ. ಅದಕ್ಕೆ ಕಾಸ್ಟಿಕ್ ಸೋಡಾ ತಗುಲಿದರೆ ಲೋಹವೇ ಕರಗುತ್ತದೆ.

ಬಣ್ಣ ಹಾಕುವಾಗ ನಟ್ಟು ಕೂರುವ ಕುಳಿಗಳನ್ನೂ ಡಿಸ್ಕು ಹಬ್ಬಿಗೆ ತಾಗುವ ಮುಖವನ್ನೂ ಕಾಗದ ಅಂಟಿಸಿ ಮುಚ್ಚಬೇಕು. ಅಲ್ಲಿ ದಪ್ಪ ಬಣ್ಣವಿದ್ದರೆ ಓಡಾಟದಲ್ಲಿ ಅದು ಜಜ್ಜಿಹೋಗಿ ನಟ್ಟು ಸಡಿಲವಾಗುತ್ತದೆ, ಗಾಲಿ ಕಳಚುವ ಅಪಾಯವಿದೆ. ಜೋಡಿಸುವಾಗ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಐವತ್ತರಿಂದ ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರು ಹಾಕಿ ನೋಡಿರಿ.