ಕೂಡದ ನೆತ್ತಿಯ ವಿಚಾರ

ಸುಶ್ರುತಸಂಹಿತೆಯು ತಲೆಯ ಎಲುಬುಗಳನ್ನು ‘ಕಪಾಲ’ವರ್ಗದಲ್ಲಿ ಸೇರಿಸಿ, ಅವುಗಳ ಸಂಧಿಗಳನ್ನು ‘ಸೀಮಂತ’ವೆಂದು ಕರೆದಿರುವುದು ವಿದ್ವಾಂಸರಿಗೆ ವಿದಿತವೇ. ಶಿಶುವಿನ ಮೆತ್ತನೆಯ ನೆತ್ತಿಯು ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೂಡುವುದು. ಆದರೆ ಫ್ರಾನ್ಸಿನ ವೈದ್ಯರಾದ ಮಾರೀ ಮತ್ತು ಸೇಂತೊ 1898ರಲ್ಲಿ ಹೆಸರಿಟ್ಟ, ಕೊರಳೆಲುಬನ್ನೂ ಕಪಾಲವನ್ನೂ ಬಾಧಿಸುವ ವಿರಳವಾದ ಆನುವಂಶಿಕ ರೋಗದಲ್ಲಿ ಅದು ಬಹುಕಾಲ ತೆರೆದೇ ಇರುವುದುಂಟು. ಎಲುಬನ್ನು ರಚಿಸುವ ಕಣಗಳನ್ನು ಪ್ರಚೋದಿಸತಕ್ಕ ಜೀನೊಂದರ ವೈಕಲ್ಯವೇ ಇದಕ್ಕೆ ಕಾರಣವೆಂದು 1997ರಲ್ಲಿ ನಿರ್ಣಯವಾಯಿತು. ಇದನ್ನು ‘ರಂಧ್ರ’ವೆನ್ನುವುದಕ್ಕಿಂತ ‘ವಿಲಂಬ’ವೆನ್ನುವುದೇ ಯುಕ್ತವೆಂದು ನನಗೆ ತೋರುತ್ತದೆ, ಏಕೆಂದರೆ ಅನೇಕ ಮಕ್ಕಳಲ್ಲಿ ಅದು ವಯಸ್ಸಿನೊಡನೆ ತಾನೇ ಕಿರಿದಾಗುವುದು. ಅದುವರೆಗೆ ಪೆಟ್ಟು ತಗಲದಂತೆ ಶಿರಸ್ತ್ರಾಣವನ್ನು ತೊಡಿಸುವರು. ದೊಡ್ಡದಾಗಿಯೇ ಉಳಿದರೆ, ಮಗುವಿನದೇ ಕಪಾಲಾಸ್ಥಿಯ ತುಂಡನ್ನು ಎರಡು ಪದರಗಳಾಗಿ ಸೀಳಿ, ಒಂದನ್ನು ತೆಗೆದ ಸ್ಥಳಕ್ಕೂ ಇನ್ನೊಂದನ್ನು ತೆರಪಿಗೂ ಜೋಡಿಸುವುದುಂಟು. ಮೂರು ವರ್ಷಕ್ಕೆ ಮುಂಚೆ ಎಲುಬು ಬಹಳ ತೆಳುವಾಗಿರುವುದರಿಂದ ಹೀಗೆ ಸೀಳುವುದು ಕಷ್ಟಸಾಧ್ಯ.